ಕಷ್ಟ ಬೇರೆ, ಎಡವಟ್ಟು ಬೇರೆ: ಹೊಸ ಗೇಮ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ‘ಹಾಲೋ ನೈಟ್: ಸಿಲ್ಕ್‌ಸಾಂಗ್’ನಲ್ಲಿ ಲಾಸ್ಟ್ ಜಡ್ಜ್ ಎಂಬ ಬಾಸ್ (ದಾರಿಗೆ ಅಡ್ಡ ನಿಲ್ಲುವ ದೊಡ್ಡ ಶತ್ರು) ಮುಂದೆ ಮೂರು ವಾರದಿಂದ ಸಿಕ್ಕಿಬಿದ್ದಿದ್ದೇನೆ. ಸೋತಾಗಲೆಲ್ಲ ಆಟ ಮತ್ತೆ ಶುರುವಾಗುವ ಬೆಂಚಿನಿಂದ ಅಷ್ಟು ದೂರ ಮತ್ತೆ ಓಡಿ ಬರಬೇಕು. ಹಾಸ್ಟೆಲ್ ಹುಡುಗರು ‘ನಿನಗೆ ಆಡೋಕೆ ಬರಲ್ಲ ಬಿಡು’ ಅಂತಾರೆ. ತಪ್ಪು ನನ್ನದಾ, ಗೇಮ್‌ದಾ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ)

ಉತ್ತರ: ಅರ್ಧ ನಿಮ್ಮದು, ಅರ್ಧ ಗೇಮ್‌ನದು. ಬಾಸ್ ಕಷ್ಟವಾಗಿರುವುದು ತಪ್ಪಲ್ಲ. ಲಾಸ್ಟ್ ಜಡ್ಜ್ ಸರಪಳಿಗೆ ಕಟ್ಟಿದ ಧೂಪದ ಗುಂಡನ್ನು ಬೀಸುವ ಮುಂಚೆ ಪ್ರತಿಸಲವೂ ಸುಳಿವು ಕೊಡುತ್ತಾಳೆ. ಕಣ್ಣಿಟ್ಟು ನೋಡಿದರೆ ಯಾವ ಏಟು ಬರುತ್ತದೆಂದು ಗೊತ್ತಾಗುತ್ತದೆ. ಕಲಿತರೆ ಕೈಗೆ ಬರುವಂಥ ಕಷ್ಟ ಇದು. ಆದರೆ ಕಲಿಯಲು ಕೂತವನನ್ನು ಪ್ರತಿ ಸೋಲಿಗೂ ಊರಾಚೆಯಿಂದ ನಡೆಸಿಕೊಂಡು ಬರುವುದು ಕಷ್ಟವಲ್ಲ, ಕಾಟ. ಆ ಓಟದಲ್ಲಿ ನೀವು ಹೊಸದಾಗಿ ಕಲಿಯುವುದು ಏನೂ ಇಲ್ಲ. ಇದನ್ನು ಗೇಮ್‌ನ ದೋಷದ ಲೆಕ್ಕಕ್ಕೇ ಬರೆಯಬೇಕು.

ಇನ್ನೊಂದು ದೋಷ ಲೆಕ್ಕ ಹಾಕಿದರೆ ಮಾತ್ರ ಕಾಣುತ್ತದೆ. ನೀವು ಆಡುವ ಪಾತ್ರ ಹಾರ್ನೆಟ್‌ಗೆ ಶುರುವಿನಲ್ಲಿ ಇರುವುದು 5 ಮಾಸ್ಕ್ (ಜೀವದ ಅಳತೆ). ಬಹಳಷ್ಟು ಬಾಸ್‌ಗಳ ಏಟಿಗೆ 2 ಮಾಸ್ಕ್ ಹೋಗುತ್ತದೆ. ಅಂದರೆ ಮೂರು ಏಟಿಗೆ ಸಾವು. ಊರೆಲ್ಲ ಹುಡುಕಿ 4 ಚೂರು ಕೂಡಿಸಿದರೆ ಆರನೇ ಮಾಸ್ಕ್ ಸಿಗುತ್ತದೆ. ಆಗಲೂ 2, 2, 2, ಮೂರೇ ಏಟು! ಇಷ್ಟೆಲ್ಲ ಅಲೆದು ತಂದ ಮೊದಲ ಉಡುಗೊರೆ ಇಂಥ ಬಾಸ್ ಎದುರು ಕೆಲಸಕ್ಕೇ ಬರುವುದಿಲ್ಲ. ಏಳನೆಯದು ಬಂದ ಮೇಲೆ ವ್ಯತ್ಯಾಸ. 2025ರ ಸೆಪ್ಟೆಂಬರ್ 4ಕ್ಕೆ ಗೇಮ್ ಬಂದು ಕೆಲವೇ ದಿನಕ್ಕೆ ಅದನ್ನು ಮಾಡಿದ ಟೀಮ್ ಚೆರ್ರಿ ಕಂಪನಿ ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಎಂಬ ಇಬ್ಬರು ಬಾಸ್‌ಗಳನ್ನು ಸ್ವಲ್ಪ ಸಡಿಲಿಸಿತು, ಆಟದೊಳಗಿನ ದುಡ್ಡಾದ ಮಣಿಗಳ ಗಳಿಕೆಯನ್ನೂ ಅಲ್ಲಲ್ಲಿ ಹೆಚ್ಚಿಸಿತು. ಶುರುವಿನ ಭಾಗ ಬಿಗಿಯಾಯಿತೆಂದು ಅವರೇ ಒಪ್ಪಿದ ಹಾಗೆ.

ಈಗ ನಿಮ್ಮ ಕೈಲಿರುವ ಅರ್ಧ. ಗುಣವಾಗುವ ‘ಬೈಂಡ್’ಗೆ 9 ಎಳೆ ರೇಷ್ಮೆ ಬೇಕು, ಪ್ರತಿಯಾಗಿ 3 ಮಾಸ್ಕ್ ವಾಪಸ್. ಒಂದು ಏಟು ಹೊಡೆದರೆ ಒಂದು ಎಳೆ. ಹೆಚ್ಚಿನವರು 1 ಮಾಸ್ಕ್ ಹೋದ ತಕ್ಷಣ ಗಾಬರಿಯಿಂದ ಬೈಂಡ್ ಒತ್ತಿ ಎರಡರಷ್ಟು ಗುಣ ವ್ಯರ್ಥ ಮಾಡುತ್ತಾರೆ. 2 ಅಥವಾ 3 ಮಾಸ್ಕ್ ಉಳಿದಾಗ, ಬಾಸ್ ತಲೆಯ ಮೇಲಿಂದ ಹಾರುತ್ತ ಗಾಳಿಯಲ್ಲಿರುವಾಗ ಬೈಂಡ್ ಮಾಡಿ. ಕೆಳಮುಖದ ಏಟು ಓರೆಯಾಗಿ ಹೋಗಿ ಗುರಿ ತಪ್ಪುತ್ತಿದ್ದರೆ ಅದು ಶುರುವಿನ ಹಂಟರ್ ಕ್ರೆಸ್ಟ್‌ನ (ಹೊಡೆಯುವ ಶೈಲಿ ಬದಲಿಸುವ ಲಾಂಛನ) ಸ್ವಭಾವ. ಸಿಂಪಲ್ ಕೀ ಕೊಂಡು ಬೋನ್‌ಗ್ರೇವ್ ಕಡೆಯ ಬಾಗಿಲು ತೆರೆದು ವಾಂಡರರ್ ಕ್ರೆಸ್ಟ್ ಹಾಕಿಕೊಂಡರೆ ಏಟು ನೆಟ್ಟಗೆ ಕೆಳಗೆ ಬೀಳುತ್ತದೆ, ಹಳೆಯ ‘ಹಾಲೋ ನೈಟ್’ ಆಡಿದ ಕೈಗೆ ಕೂಡಲೇ ಒಗ್ಗುತ್ತದೆ. ಓಟಕ್ಕೆ ಹೊರಡುವ ಮುಂಚೆ ಬಿಡಿ ಮಣಿಗಳನ್ನು ಸರ ಪೋಣಿಸಿಬಿಡಿ. 80 ಕೊಟ್ಟರೆ 60ರ ಸರ. 20 ನಷ್ಟವೇ, ಆದರೆ ಸರ ಸತ್ತರೂ ಹೋಗುವುದಿಲ್ಲ.

ಕೊನೆಗೊಂದು ಮೋಸ: ಲಾಸ್ಟ್ ಜಡ್ಜ್ ಸೋತ ಮೇಲೆ ಸಿಡಿಯುತ್ತಾಳೆ. ಗೆದ್ದೆನೆಂದು ಕಂಟ್ರೋಲರ್ ಕೆಳಗಿಟ್ಟವರು ಅದೇ ಸಿಡಿತಕ್ಕೆ ಸತ್ತು ಮತ್ತೆ ಓಡಿದ್ದುಂಟು. ಕೊನೆ ಏಟು ಬಿದ್ದ ಕೂಡಲೇ ದೂರ ಸರಿಯಿರಿ. ಅಷ್ಟಕ್ಕೂ ಆಗದಿದ್ದರೆ ಅವಳನ್ನು ಬಿಟ್ಟುಬಿಡಿ. ಸಿನ್ನರ್ಸ್ ರೋಡ್ ಹಿಡಿದು ಮಂಜಿನ ಜಾಗ ದಾಟಿ, ಫ್ಯಾಂಟಮ್ ಎಂಬ ಇನ್ನೊಂದು ಬಾಸ್ ಗೆದ್ದರೂ ಎರಡನೇ ಅಂಕಕ್ಕೆ ದಾರಿಯಿದೆ. ಈ ಕಳ್ಳದಾರಿಯನ್ನು ಇಟ್ಟದ್ದಕ್ಕೆ ಮಾತ್ರ ಗೇಮ್ ಮಾಡಿದವರನ್ನು ಹೊಗಳಬೇಕು.

ಪ್ರಶ್ನೆ: ನನ್ನ ಪಿಸಿಯಲ್ಲಿ ಆರ್‌ಟಿಎಕ್ಸ್ 4060, 16 ಜಿಬಿ ರ್‍ಯಾಮ್ ಇದೆ. ‘ಮಾನ್‌ಸ್ಟರ್ ಹಂಟರ್ ವೈಲ್ಡ್ಸ್’, ‘ಬ್ಲ್ಯಾಕ್ ಮಿತ್: ವುಕಾಂಗ್’ ಎರಡರಲ್ಲೂ ಪರದೆಯ ಮೂಲೆಯ ಫ್ರೇಮ್ ಅಂಕಿ 60ಕ್ಕಿಂತ ಮೇಲೇ ತೋರಿಸುತ್ತದೆ, ಆದರೂ ಆಟ ತೊದಲುತ್ತದೆ. ಹೊಸ ಕಾರ್ಡ್ ತರಬೇಕೆ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. ಮೂಲೆಯ ಅಂಕಿ ಸರಾಸರಿ, ಅದು ತೊದಲನ್ನು ಮುಚ್ಚಿಡುತ್ತದೆ. ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಅಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್. ನಡುವೆ ಒಂದು ಫ್ರೇಮ್ 100 ಮಿಲಿಸೆಕೆಂಡ್ ತಗೊಂಡರೆ ಆರು ಫ್ರೇಮಿನ ಹೊತ್ತು ಚಿತ್ರ ನಿಂತಂತೆ. ಸರಾಸರಿ ಆಗಲೂ 60ರ ಆಸುಪಾಸಲ್ಲೇ ಇರುತ್ತದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿ ‘ಫ್ರೇಮ್‌ಟೈಮ್’ ಗೆರೆ ತೆರೆಯಿರಿ. ಗೆರೆ ಯಾವಾಗ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ ನೋಡಿದರೆ ರೋಗ ಗೊತ್ತಾಗುತ್ತದೆ.

ಹೊಸ ಮಂತ್ರ, ಹೊಸ ಸ್ಫೋಟ ಮೊದಲ ಸಲ ಕಂಡಾಗ ಮಾತ್ರ ಮುಳ್ಳು ಎದ್ದು, ಎರಡನೇ ಸಲ ಏಳದಿದ್ದರೆ ಅದು ಶೇಡರ್ (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂ) ಸಿದ್ಧವಾಗದ ಸಮಸ್ಯೆ. ಗೇಮ್ ತೆರೆದಾಗ ನಡೆಯುವ ಶೇಡರ್ ಕಂಪೈಲ್ ಪೂರ್ತಿ ಮುಗಿಯಲು ಬಿಡಿ. ಡ್ರೈವರ್ ಅಪ್‌ಡೇಟ್ ಮಾಡಿದಾಗ ಆ ಕೆಲಸ ಮತ್ತೆ ಮೊದಲಿನಿಂದ ಆಗಬೇಕು, ಅದಕ್ಕೇ ‘ಹೊಸ ಡ್ರೈವರ್ ಹಾಕಿದ ಮೇಲೆ ಕೆಟ್ಟಿತು’ ಅನಿಸುವುದು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ 3ಡಿ ಸೆಟ್ಟಿಂಗ್ಸ್‌ನಲ್ಲಿ ಶೇಡರ್ ಕ್ಯಾಶ್ ಗಾತ್ರವನ್ನು 10 ಜಿಬಿಗೆ ಏರಿಸಿ.

ಕ್ಯಾಮೆರಾ ತಿರುಗಿಸಿದಾಗೆಲ್ಲ ಮುಳ್ಳು, ಗೋಡೆ ಬಂಡೆಗಳು ಮೊದಲು ಮಸುಕಾಗಿ ಕಂಡು ಆಮೇಲೆ ಸ್ಪಷ್ಟವಾಗುತ್ತಿದ್ದರೆ ಕಾರ್ಡಿನ 8 ಜಿಬಿ ಮೆಮೊರಿ ತುಂಬಿದೆ. ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಒಂದು ಮೆಟ್ಟಿಲು ಇಳಿಸಿ, ಉಳಿದದ್ದು ಹಾಗೇ ಇರಲಿ. ‘ವೈಲ್ಡ್ಸ್’ಗೆ ಬೇರೆಯಾಗಿ ಸಿಗುವ ಹೈ ರೆಸಲ್ಯೂಷನ್ ಟೆಕ್ಸ್‌ಚರ್ ಪ್ಯಾಕ್ 16 ಜಿಬಿ ಮೆಮೊರಿ ಇರುವ ಕಾರ್ಡ್‌ಗೆ. ‘ಫ್ರೀ ಇದೆಯಲ್ಲ’ ಎಂದು ಹಾಕಿಕೊಂಡಿದ್ದರೆ ಇವತ್ತೇ ತೆಗೆಯಿರಿ.

ಜನ ತುಂಬಿದ ಊರಿನೊಳಗೆ ಮಾತ್ರ ಕುಸಿಯುತ್ತಿದ್ದರೆ ಹೊರೆ ಬಿದ್ದಿರುವುದು ಸಿಪಿಯು ಮೇಲೆ. ರೆಸಲ್ಯೂಷನ್ ಇಳಿಸಿದರೂ ಏನೂ ಆಗದಿರುವುದೇ ಇದರ ಗುರುತು. ‘ಡ್ರ್ಯಾಗನ್ಸ್ ಡಾಗ್ಮಾ 2’ರ ವರ್ನ್‌ವರ್ತ್ ಪೇಟೆ ಇದಕ್ಕೆ ಹೆಸರುವಾಸಿ. 60ರ ಆಸೆ ಬಿಟ್ಟು 40ಕ್ಕೋ 45ಕ್ಕೋ ಮಿತಿ ಹಾಕಿದರೆ ಗೆರೆ ಸಮವಾಗುತ್ತದೆ. ಸಮವಾದ 40 ಕಣ್ಣಿಗೆ ಹಿತ, ಏರಿಳಿಯುವ 70 ಅಲ್ಲ. ಹಾಗೇ ನಿಮ್ಮ 16 ಜಿಬಿ ರ್‍ಯಾಮ್ ಒಂದೇ ಕಡ್ಡಿಯಲ್ಲಿದೆಯೋ, 8 ಮತ್ತು 8 ಆಗಿ ಎರಡರಲ್ಲಿದೆಯೋ ತೆರೆದು ನೋಡಿ. ಅಂಗಡಿಯವರು ಜೋಡಿಸಿಕೊಟ್ಟ ಪಿಸಿಗಳಲ್ಲಿ ಒಂದೇ ಕಡ್ಡಿ ಹಾಕಿ ಕಳಿಸುವುದು ಸಾಮಾನ್ಯ. ಪಿಸಿ ಶುರುವಾಗುವಾಗ ತೆರೆಯುವ ಬಯಾಸ್‌ನಲ್ಲಿ, ರ್‍ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಆನ್ ಇದೆಯೇ ಅದನ್ನೂ ನೋಡಿ.

ಇಷ್ಟಾದ ಮೇಲೂ ಒಂದು ಬಯಲಿನಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲೇ ಪ್ರತಿಸಲ ತೊದಲಿದರೆ ಅದು ಮಾಡಿದವರ ಎಡವಟ್ಟು. ನೀವು ಯಾವ ಸೆಟ್ಟಿಂಗ್ ತಿರುವಿದರೂ ಹೋಗುವುದಿಲ್ಲ, ಪ್ಯಾಚ್‌ಗೆ ಕಾಯಬೇಕು.

ಫ್ರೇಮ್ ಜನರೇಷನ್ ಬಗ್ಗೆ ಒಂದು ಖಾರದ ಮಾತು. ‘ವೈಲ್ಡ್ಸ್’ನ ಶಿಫಾರಸು ಪಟ್ಟಿಯಲ್ಲೇ ‘1080ಪಿ, 60 ಫ್ರೇಮ್, ಫ್ರೇಮ್ ಜನರೇಷನ್ ಸೇರಿಸಿ’ ಎಂದು ಬರೆದಿದ್ದಾರೆ. ಅರ್ಥ, ನಿಜವಾಗಿ ಲೆಕ್ಕವಾಗುವ ಫ್ರೇಮ್ 60 ಇಲ್ಲ, ನಡುವಿನವು ಊಹಿಸಿ ತುಂಬಿದವು. ಕಣ್ಣಿಗೆ 60 ಕಂಡರೂ ಬಟನ್ ಒತ್ತಿದ್ದಕ್ಕೆ ಪಾತ್ರ ಓಗೊಡುವುದು ಆ ಕಡಿಮೆ ವೇಗದಲ್ಲೇ, ಇನ್ನೂ ಒಂಚೂರು ತಡವಾಗಿ. ಈ ಸೌಲಭ್ಯ ಇರುವುದು 60 ಬರುವ ಪಿಸಿಯನ್ನು 100ಕ್ಕೆ ಏರಿಸಲು. 30ನ್ನು 60 ಎಂದು ತೋರಿಸಿ ಅದನ್ನೇ ಶಿಫಾರಸು ಎಂದು ಅಚ್ಚು ಹಾಕಿದ್ದು ಕ್ಯಾಪ್‌ಕಾಮ್‌ನಂಥ ಅನುಭವಿ ಕಂಪನಿಗೆ ಶೋಭೆಯಲ್ಲ. ಬೇಜಾರೇನೆಂದರೆ ಬೇಟೆ ಚೆನ್ನಾಗಿದೆ. 14 ಬಗೆಯ ಆಯುಧ, ಒಂದೊಂದರ ಕೈವಾಡ ಬೇರೆ. ಗಾಯ ಮಾಡಿ ಅದೇ ಜಾಗಕ್ಕೆ ಗುರಿಯಿಟ್ಟು ಹೊಡೆಯುವ ಹೊಸ ಪದ್ಧತಿಗೆ ಒಮ್ಮೆ ಒಗ್ಗಿದವರು ಹಳೆಯ ಭಾಗಗಳಿಗೆ ಮರಳುವುದು ಕಷ್ಟ.

‘ವುಕಾಂಗ್’ನಲ್ಲಿ ತಾಂತ್ರಿಕಕ್ಕಿಂತ ದೊಡ್ಡ ದೋಷ ಕಾಣದ ಗೋಡೆ. ಹಾರಿ ದಾಟಬಹುದಾದ ಬಂಡೆಯ ಮುಂದೆ ನೀವಾಡುವ ಮಂಗ ಗಾಳಿಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ, ಪಕ್ಕದ ಅಂಥದೇ ಬಂಡೆಯ ಹಿಂದೆ ನಿಧಿ ಇರುತ್ತದೆ. ನೋಡಿ ಹೇಳಲಾಗದು. 2024ರ ಡಿಸೆಂಬರ್ ಅಪ್‌ಡೇಟ್‌ನಲ್ಲಿ ನಕ್ಷೆ ಬಂತು, ಗೋಡೆ ಹೋಗಲಿಲ್ಲ.

ಪ್ರಶ್ನೆ: ಮಗಳು ‘ಗೆನ್‌ಶಿನ್ ಇಂಪ್ಯಾಕ್ಟ್’ ಆಡುತ್ತಾಳೆ. ಪುಕ್ಕಟೆ ಗೇಮ್ ಎನ್ನುತ್ತಾಳೆ, ಆದರೆ ಹೋದ ತಿಂಗಳು ಪಾತ್ರ ಬೇಕೆಂದು ದುಡ್ಡು ಕೇಳಿದಳು. ಎಷ್ಟಕ್ಕೆ ನಿಲ್ಲುತ್ತದೆ ಇದು?
(ಗೃಹಿಣಿ, ಮಂಗಳೂರು)

ಉತ್ತರ: ಎಷ್ಟಕ್ಕೆ ನಿಲ್ಲುತ್ತದೆಂದು ಕೇಳಿದ್ದು ಒಳ್ಳೆಯದಾಯಿತು, ಉತ್ತರ ಲೆಕ್ಕದಲ್ಲೇ ಇದೆ. ಪಾತ್ರ ಸಿಗುವುದು ಲಾಟರಿಯಂಥ ‘ವಿಶ್’ನಿಂದ. ಒಂದು ವಿಶ್‌ಗೆ 160 ಪ್ರೈಮೋಜೆಮ್ (ಆಟದೊಳಗಿನ ರತ್ನ). 5 ನಕ್ಷತ್ರದ ಪಾತ್ರ ಬೀಳುವ ಸಾಧ್ಯತೆ ಪ್ರತಿ ವಿಶ್‌ಗೆ ಶೇ. 0.6. 90ನೇ ವಿಶ್‌ಗೆ 5 ನಕ್ಷತ್ರ ಖಾತ್ರಿ, ಆದರೆ ಅದು ಮಗಳು ಕೇಳಿದ ಪಾತ್ರವೇ ಎಂಬ ಖಾತ್ರಿ ಇಲ್ಲ, ಸುಮಾರಾಗಿ ನಾಣ್ಯ ಚಿಮ್ಮಿದ ಹಾಗೆ. ತಪ್ಪಿದರೆ ಮುಂದಿನ 5 ನಕ್ಷತ್ರ ಆ ಪಾತ್ರವೇ. ಆದ್ದರಿಂದ ಅದೃಷ್ಟ ಪೂರ್ತಿ ಕೈಕೊಟ್ಟರೆ 180 ವಿಶ್, ಅಂದರೆ 28,800 ಪ್ರೈಮೋಜೆಮ್. ಅಂಗಡಿಯ ಪುಟದಲ್ಲಿ ಅಷ್ಟು ಪ್ರೈಮೋಜೆಮ್‌ಗೆ ರೂಪಾಯಿ ಎಷ್ಟೆಂದು ಮಗಳ ಕೈಯಲ್ಲೇ ಗುಣಿಸಿಸಿ. ಬೈಗುಳಕ್ಕಿಂತ ಆ ಗುಣಾಕಾರ ನಾಟುತ್ತದೆ.

ವಿಶ್‌ಗಳ ಈ ಎಣಿಕೆ ಮುಂದಿನ ಬ್ಯಾನರ್‌ಗೂ (ಪಾತ್ರದ ಲಾಟರಿಯ ಮುಂದಿನ ಸುತ್ತಿಗೂ) ಉಳಿಯುತ್ತದೆ, ಅಳಿಸಿಹೋಗುವುದಿಲ್ಲ. ‘ಈಗ ಬಿಟ್ಟರೆ ಹಾಕಿದ್ದೆಲ್ಲ ದಂಡ’ ಎಂಬ ಅವಸರ ಸುಳ್ಳು. ಆಟದಲ್ಲೇ ಗಳಿಸಿದ್ದನ್ನು ಕೂಡಿಟ್ಟು, 180 ವಿಶ್ ಆದ ಮೇಲೆ ಕೈಹಾಕುವವರು ರೂಪಾಯಿ ಖರ್ಚಿಲ್ಲದೆ ಬೇಕಾದ ಪಾತ್ರ ಪಡೆಯುತ್ತಾರೆ. ತಾಳ್ಮೆ ಬೇಕು ಅಷ್ಟೆ. ಫೋನ್‌ನ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಆಯ್ಕೆ ಆನ್ ಮಾಡಿ, ನಿಮ್ಮ ಕಾರ್ಡನ್ನೋ ಯುಪಿಐಯನ್ನೋ ಅವಳ ಖಾತೆಗೆ ಜೋಡಿಸಿಡಬೇಡಿ.

ಗೇಮ್‌ನ ಗುಣ ಹೇಳದಿದ್ದರೆ ಅನ್ಯಾಯವಾದೀತು. ಬೆಟ್ಟ ಹತ್ತುವುದು, ರೆಕ್ಕೆ ಬಿಚ್ಚಿ ಕಣಿವೆಗೆ ತೇಲುವುದು, ಪ್ರತಿ ದೇಶದ ಸಂಗೀತ ಇವೆಲ್ಲ ದುಡ್ಡು ಕೊಟ್ಟು ಕೊಳ್ಳುವ ಗೇಮ್‌ಗಳಿಗೂ ಸಮ. ನಿಜವಾದ ದೋಷ ಪಾತ್ರ ಸಿಕ್ಕ ಮೇಲೆ ಶುರು. ಅದಕ್ಕೆ ಹಾಕುವ ಆಭರಣಗಳ ಗುಣವೂ ಲಾಟರಿ, ಒಂದು ಸಲ ಆ ಲಾಟರಿ ಎತ್ತಲು 20 ರೆಸಿನ್, ಅಂದರೆ ಆಟ ತಾನೇ ತುಂಬಿಕೊಡುವ ಒಂದು ಬಗೆಯ ಇಂಧನ. ರೆಸಿನ್ 8 ನಿಮಿಷಕ್ಕೆ ಒಂದರಂತೆ ತುಂಬುತ್ತದೆ, 200ಕ್ಕೆ ನಿಲ್ಲುತ್ತದೆ. ಸುಮಾರು 26 ಗಂಟೆ 40 ನಿಮಿಷಕ್ಕೆ ಕೊಡ ತುಂಬಿ ಹರಿದುಹೋಗುವ ಹಾಗೆ ಮಾಡಿರುವುದು ದಿನಾ ಬಂದು ಹಾಜರಿ ಹಾಕಲಿ ಎಂದೇ.

ಪ್ರಶ್ನೆ: ‘ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’ ತಗೊಂಡೀನ್ರಿ. ಸರದಿ ಮೇಲೆ ಆಡೋ ಗೇಮ್ ಅಂದ್ರು, ನೋಡಿದ್ರ ಪ್ಯಾರಿ ಮಾಡೂದು ನನ್ನ ಕೈಲೆ ಆಗವಲ್ದು. ನಲವತ್ತೈದರ ವಯಸ್ಸಿಗೆ ಇದು ಆಡೂ ಗೇಮ್ ಹೌದ?
(ಬ್ಯಾಂಕ್ ಉದ್ಯೋಗಿ, ಧಾರವಾಡ)

ಉತ್ತರ: ಹೌದು. ಪ್ಯಾರಿ (ಏಟನ್ನು ಎದುರಿಸಿ ತಡೆಯುವುದು) ಬಿಟ್ಟುಬಿಡಿ, ಮೊದಲು ಡಾಡ್ಜ್ (ಏಟಿನಿಂದ ತಪ್ಪಿಸಿಕೊಳ್ಳುವುದು) ಕಲಿಯಿರಿ. ಡಾಡ್ಜ್‌ಗೆ ಸಿಗುವ ಹೊತ್ತು ಪ್ಯಾರಿಗಿಂತ ಹೆಚ್ಚು. ಡಾಡ್ಜ್ ಮಾಡಿದಾಗ ‘ಪರ್ಫೆಕ್ಟ್’ ಎಂದು ಬಂದರೆ ಅದೇ ಕ್ಷಣಕ್ಕೆ ಪ್ಯಾರಿ ಒತ್ತಿದ್ದರೂ ಆಗುತ್ತಿತ್ತು ಎಂದರ್ಥ. ಹೊಸ ಶತ್ರು ಬಂದರೆ ಮೊದಲ ಎರಡು ಮೂರು ಸರದಿ ಬರೀ ಡಾಡ್ಜ್. ಸತತ ಪರ್ಫೆಕ್ಟ್ ಬರತೊಡಗಿದ ಮೇಲೆ ಬಟನ್ ಬದಲಿಸಿ. ಕತ್ತಿ ಎತ್ತಿದ್ದನ್ನು ನೋಡಿ ಒತ್ತಿದರೆ ಮೋಸ ಹೋಗುತ್ತೀರಿ, ಶತ್ರುಗಳು ಬೇಕೆಂದೇ ಎತ್ತಿದ ಕೈ ತಡೆದು ನಿಲ್ಲುತ್ತಾರೆ. ಏಟಿನ ಮುಂಚಿನ ಸದ್ದಿಗೆ ಕಿವಿಗೊಡಿ. ಟಿವಿಯಲ್ಲಿ ‘ಗೇಮ್ ಮೋಡ್’ ಆನ್ ಇಲ್ಲದಿದ್ದರೆ ಚಿತ್ರವೇ ತಡವಾಗಿ ಬರುತ್ತದೆ, ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ಸದ್ದೂ ತಡ. ಬೆರಳನ್ನು ಬಯ್ಯುವ ಮೊದಲು ಇವೆರಡನ್ನು ಸರಿಮಾಡಿ. ನಿಮ್ಮ ಏಟಿನ ಹೊತ್ತಿಗೆ ಬರುವ ಬಟನ್ ಒತ್ತಾಟ ಬೇಡವಾದರೆ ಅಕ್ಸೆಸಿಬಿಲಿಟಿಯಲ್ಲಿ ಅದನ್ನು ತಾನೇ ಆಗುವಂತೆ ಮಾಡಬಹುದು. ‘ಸ್ಟೋರಿ’ ಮಟ್ಟಕ್ಕೆ ಇಳಿದರೆ ಮಾನ ಹೋಗುವುದಿಲ್ಲ, ಕಥೆಯೂ ಒಂದಕ್ಷರ ಕಡಿಮೆಯಾಗುವುದಿಲ್ಲ.

ಫ್ರಾನ್ಸ್‌ನ ಮಾಂಪೆಲಿಯೆಯ ಸ್ಯಾಂಡ್‌ಫಾಲ್ ಎಂಬ ಸಣ್ಣ ಸ್ಟುಡಿಯೋದ ಮೊದಲ ಗೇಮ್ ಇದು. 2025ರ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿ ಬಂತು, ಬಂದದ್ದು ಸರಿಯೇ. ಆದರೆ ಮೂರನೇ ಅಂಕದ ಸಮತೋಲ ಕೆಟ್ಟಿದೆ. ಅಲ್ಲಿಯವರೆಗೆ ಒಂದು ಏಟಿನ ಗರಿಷ್ಠ ಹಾನಿ 9,999ಕ್ಕೆ ನಿಲ್ಲುತ್ತದೆ. ‘ಪೇಂಟೆಡ್ ಪವರ್’ ಎಂಬ ಶಕ್ತಿ ಸಿಕ್ಕು ಆ ಮಿತಿ ಹೋದ ಮೇಲೆ ಪಕ್ಕದ ಕೆಲಸಗಳನ್ನೆಲ್ಲ ಮುಗಿಸಿ ಹೋದವರಿಗೆ ಕೊನೆಯ ಬಾಸ್ ಮಾತು ಮುಗಿಸುವ ಮುಂಚೆ ಸತ್ತುಬೀಳುತ್ತದೆ. ಕಥೆಯ ಬಿಗಿ ಬೇಕಿದ್ದರೆ ಮೂರನೇ ಅಂಕ ಶುರುವಾದ ಕೂಡಲೇ ನೇರ ಕೊನೆಗೆ ಹೋಗಿ, ಉಳಿದದ್ದು ಆಮೇಲೆ. ಗೆಸ್ಟ್ರಲ್ ಎಂಬ ಜೀವಿಗಳ ಕಡಲತೀರದ ಹಾರುವ ಆಟಗಳನ್ನು ಬಿಟ್ಟರೂ ನಷ್ಟವಿಲ್ಲ. ಓಡಲು ಚೆನ್ನಾಗಿರುವ ಪಾತ್ರವನ್ನು ಹಾರಲು ಬಿಟ್ಟರೆ ಹೀಗೇ.

ಪ್ರಶ್ನೆ: ನಮ್ಮ ಕಡೆಯ ಜೀವನ, ಪುರಾಣ ಇರುವ ಒಳ್ಳೆಯ ಗೇಮ್ ಯಾವುದು? ಅಭಿಮಾನಕ್ಕಲ್ಲ, ಗೇಮ್ ಆಗಿಯೇ ಚೆನ್ನಾಗಿರಬೇಕು.
(ಶಿಕ್ಷಕಿ, ಶಿರಸಿ)

ಉತ್ತರ: ಎರಡು ಹೇಳುತ್ತೇವೆ, ಎರಡಕ್ಕೂ ತಕರಾರಿನೊಂದಿಗೆ.

‘ವೆಣ್ಬಾ’ 2023ರದು, ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬದ ಅಡುಗೆಮನೆ. ಅಮ್ಮನ ಪುಸ್ತಕದ ಹರಿದ, ಕಲೆಯಾದ ಪುಟ ನೋಡಿ ಅಳಿಸಿದ್ದನ್ನು ಊಹಿಸಿ ಅಡುಗೆ ಮಾಡುವುದೇ ಆಟ. ಮೊದಲ ಒಗಟೇ ಇಡ್ಲಿ. ಹಿಟ್ಟು ಹೊಯ್ದ ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಕೂರಿಸಬೇಕು? ಇಡ್ಲಿಯ ನೆತ್ತಿಗೆ ಇಡ್ಲಿ ಬಾರದ ಹಾಗೆ ಒಂದೊಂದನ್ನು ತಿರುಗಿಸಿ ಇಡಬೇಕು. ನಮ್ಮ ಮನೆಗಳಲ್ಲಿ ಕೈ ತಾನೇ ಮಾಡುವ ಈ ಕೆಲಸವನ್ನು ಒಗಟಾಗಿಸಿದ್ದು ಜಾಣತನ. ಬೇರೆ ದೇಶದವರು ತಲೆ ಕೆರೆದುಕೊಳ್ಳುವಲ್ಲಿ ನಿಮ್ಮ ಮನೆಯ ಅಜ್ಜಿ ಎರಡು ನಿಮಿಷಕ್ಕೆ ಗೆಲ್ಲುತ್ತಾರೆ. ರೇಡಿಯೋದಲ್ಲಿ ಕಾಲ ಕಾಲದ ತಮಿಳು ಸಿನಿಮಾ ಹಾಡಿನ ಧಾಟಿಯ ಹಾಡುಗಳಿವೆ. ತಕರಾರು: ಒಂದೂವರೆ ಗಂಟೆಗೆ ಮುಗಿಯುತ್ತದೆ, ಅಡುಗೆ ಕೆಟ್ಟರೆ ಮತ್ತೆ ಮಾಡು ಎನ್ನುವುದು ಬಿಟ್ಟರೆ ಯಾವ ಪರಿಣಾಮವೂ ಇಲ್ಲ. ಕಥೆ ಗಟ್ಟಿ, ಆಟ ತೆಳು. ಬೆಲೆ ಇಳಿದಾಗ ಕೊಳ್ಳಿ.

‘ರಾಜಿ’ ಪುಣೆಯ ನೋಡಿಂಗ್ ಹೆಡ್ಸ್ ಕಂಪನಿಯದು, 2020ರದು. ರಾಜಸ್ಥಾನದ ಕೋಟೆಗಳಂಥ ಕಟ್ಟಡ, ತೊಗಲುಗೊಂಬೆಯಾಟದ ಶೈಲಿಯಲ್ಲಿ ಹೇಳುವ ಕಥೆ, ತ್ರಿಶೂಲ ಹಿಡಿದ ಹುಡುಗಿ. ನೋಡಲು ಕಣ್ಣಿಗೆ ಹಬ್ಬ. ಆದರೆ ಕ್ಯಾಮೆರಾ ನಮ್ಮ ಕೈಲಿಲ್ಲ, ದೂರದಿಂದ ಓರೆಯಾಗಿ ನೋಡುತ್ತದೆ, ಹಾಗಾಗಿ ಮುಂದಿನ ಕಟ್ಟೆ ಎಷ್ಟು ದೂರ ಎಂಬ ಅಂದಾಜು ಸಿಗದೆ ಹಾರಿ ಬೀಳುತ್ತೀರಿ. ಏಟಿಗೆ ತೂಕವಿಲ್ಲ. ಕಥೆ ಏರುವ ಹೊತ್ತಿಗೆ ಪರದೆ ಬೀಳುತ್ತದೆ. ಮಕ್ಕಳಿಗೆ ತೋರಿಸಲು ಚೆನ್ನ, ಹೋರಾಟದ ಗೇಮ್ ಬೇಕೆಂದವರಿಗೆ ಅಲ್ಲ.

ಪ್ರಶ್ನೆ: ಪಿಎಸ್4ಗೆ ‘ಸೈಬರ್‌ಪಂಕ್ 2077’ ಡಿಸ್ಕ್ ಅಗ್ಗಕ್ಕೆ ಸಿಗುತ್ತಿದೆ. ಈಗ ಸರಿಯಾಗಿದೆಯಂತೆ, ಕೊಳ್ಳಲೇ?
(ಓದುಗರು, ಕಲಬುರಗಿ)

ಉತ್ತರ: ಬೇಡ. ಸರಿಯಾಗಿರುವುದು ಪಿಎಸ್5, ಪಿಸಿಯಂಥ ಹೊಸ ಯಂತ್ರಗಳಲ್ಲಿ. ಪೊಲೀಸರು, ಕೌಶಲಗಳನ್ನೆಲ್ಲ ಹೊಸದಾಗಿ ಕಟ್ಟಿದ 2023ರ 2.0 ಅಪ್‌ಡೇಟ್ ಪಿಎಸ್4ಗೆ ಬರಲೇ ಇಲ್ಲ, ‘ಫ್ಯಾಂಟಮ್ ಲಿಬರ್ಟಿ’ ಎಂಬ ಹೆಚ್ಚುವರಿ ಕಥೆಯೂ ಇಲ್ಲ. ಮುಂದೆ ಪಿಎಸ್5 ಕೊಳ್ಳುವ, ಅದೂ ಡಿಸ್ಕ್ ಹಾಕುವ ಮಾದರಿಯನ್ನೇ ಕೊಳ್ಳುವ ಯೋಚನೆ ಇದ್ದರೆ ಮಾತ್ರ ಡಿಸ್ಕ್ ತೆಗೆದಿಡಿ.

ಪ್ರಶ್ನೆ: ಒಂದು ಕಡೆ ಹತ್ತಕ್ಕೆ 9 ಅಂಕ, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಜನ ಉಗಿಯುತ್ತಿರುತ್ತಾರೆ. ಯಾರನ್ನು ನಂಬುವುದು?
(ಪದವಿ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಇಬ್ಬರೂ ನಿಜ ಹೇಳುತ್ತಿರಬಹುದು, ಆಡಿದ ಯಂತ್ರ ಬೇರೆ. 2020ರಲ್ಲಿ ‘ಸೈಬರ್‌ಪಂಕ್’ ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಪ್ರತಿ ಮಾತ್ರ, ತಾವು ಆಡಿದ ದೃಶ್ಯ ತೋರಿಸಲೂ ಬಿಡಲಿಲ್ಲ. ಅಂಕ ಚೆನ್ನಾಗಿಯೇ ಬಂತು. ಆದರೆ ಪಿಎಸ್4ನಲ್ಲಿ ಗೇಮ್ ತೀರ ಕೆಟ್ಟದಾಗಿ ಓಡಿದ್ದರಿಂದ ಅದೇ ವರ್ಷದ ಡಿಸೆಂಬರ್‌ನಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿ, 2021ರ ಜೂನ್‌ಗೆ ವಾಪಸ್ ತಂದಿತು. ಆದ್ದರಿಂದ ಅಂಕಕ್ಕಿಂತ ಮೊದಲು ಯಾವ ಯಂತ್ರದಲ್ಲಿ ಆಡಿದರು ಎಂಬ ಸಾಲು ಹುಡುಕಿ. ಸ್ಟೀಮ್‌ನಲ್ಲಿ ಒಟ್ಟು ಅಭಿಪ್ರಾಯ ಬಿಟ್ಟು ಇತ್ತೀಚಿನದನ್ನು ನೋಡಿ, ಬರೆದವರು ಎಷ್ಟು ಗಂಟೆ ಆಡಿ ಬರೆದರೆಂದು ಅಲ್ಲೇ ಇರುತ್ತದೆ. 2024ರ ಮೇನಲ್ಲಿ ‘ಹೆಲ್‌ಡೈವರ್ಸ್ 2’ಗೆ ಬಿದ್ದ ಕೆಟ್ಟ ಅಭಿಪ್ರಾಯಗಳ ಕೆಂಪು ಮಳೆ ಗೇಮ್ ಕೆಟ್ಟದ್ದಕ್ಕಲ್ಲ, ಸೋನಿಯ ಪಿಎಸ್‌ಎನ್ (ಪ್ಲೇಸ್ಟೇಷನ್ ನೆಟ್‌ವರ್ಕ್) ಖಾತೆ ಕಡ್ಡಾಯ ಮಾಡಲು ಹೊರಟಿದ್ದಕ್ಕೆ. ಸೋನಿ ಹಿಂದೆ ಸರಿಯಿತು.

ಉಳಿದದ್ದು ನೀವೇ ಆಡಿ ತೀರ್ಮಾನಿಸಿ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ. ಗೇಮ್ ತೆರೆದ ಮೇಲೆ ನಡೆಯುವ ಶೇಡರ್ ಕಂಪೈಲ್ ಕೂಡ ಆ 2 ಗಂಟೆಯಲ್ಲೇ ಎಣಿಕೆ. ಪಾತ್ರದ ಮುಖ ತಿದ್ದುತ್ತ ಒಂದು ಗಂಟೆ ಕಳೆಯಬೇಡಿ. ನೇರ ಆಟಕ್ಕಿಳಿದು, ಜನ ತುಂಬಿದ ಮೊದಲ ಊರಿನವರೆಗೆ ಹೋಗಿ ಫ್ರೇಮ್‌ಟೈಮ್ ಗೆರೆ ನೋಡಿ, ಒಂದು ಗಂಟೆ ಮುಕ್ಕಾಲಿಗೆ ಇಟ್ಟುಕೊಳ್ಳುವುದೋ ಬಿಡುವುದೋ ಗಟ್ಟಿಮಾಡಿ.